ಹಸಿರು ರೇಶಿಮೆಯ ಕೊರಳಪಟ್ಟಿ

“ಅಮ್ಮಾವ್ರೇ, ಈ ಕೊರಳಪಟ್ಟಿ ಬಿಚ್ಚಿ ಹೊಸ ದಾರದಲ್ಲಿ ಹೊಲಿದುಬಿಡ್ತೀನಿ. ಒಬ್ಬರು ಹಾಡಿದ ಉಡುಪನ್ನ ಇನ್ನೊಬ್ಬರು ಹಾಗೇ ತೊಡಬಾರ್ದು.”

ಉಡುಪು ತೊಡಿಸುವ ಮುದುಕಿ ಉರ್ಸ್ಯುಲ್ ಆಗಲೇ ಕತ್ತರಿ ಕೈಗೆತ್ತಿಕೊಂಡಿದ್ದಳು. ಗಾಯಕಿ ಝೆಲಿ ಕನ್ನಡಿ ನೋಡಿಕೊಂಡೇ ನಕ್ಕಳು. ನಾರ್ಮಂಡಿಯ ಆ ಪಟ್ಟಣದ ಒಪೆರಾ ಮಂದಿರಕ್ಕೆ ಅವಳು ಹೊಸಬಳು. ಹೊಸಬರು ಮೂರು ಸಂಜೆ ಹಾಡಿ ತೋರಿಸಬೇಕು. ಮೂರನೆಯ ಸಂಜೆ ಜನ ಚಪ್ಪಾಳೆ ತಟ್ಟಿದರೆ ವರ್ಷವಿಡೀ ಕೆಲಸ, ಸಿಳ್ಳೆ ಹೊಡೆದರೆ ಗಂಟುಮೂಟೆ. ಇಂದು ಆ ಮೂರನೆಯ ಸಂಜೆ. ಮಗಳ ದನಿಯೊಂದನ್ನೇ ಲೋಕವೆಂದುಕೊಂಡ ಕುರುಡು ತಾಯಿ ಊರಿನಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದಳು.

“ಹಿಂದೆ ಇಲ್ಲಿ ಹಾಡ್ತಿದ್ದ ಒನೊರೀನ್ ಅಮ್ಮಾವ್ರಿಗೆ ಇದೇ ಹಸಿರು ಉಡುಪಲ್ಲಿ ಸಿಳ್ಳೆ ಬಿತ್ತು. ಆಮೇಲೆ ತಮ್ಮ ಕೂದಲು ಕಿತ್ತು ಕಿತ್ತು ಈ ಪಟ್ಟಿಯೊಳಗೆ ಹೊಲಿದ್ರು. ‘ಇಲ್ಲೇ ಹಾಡೇ ಹಾಡ್ತೀನಿ’ ಅಂತಿದ್ರು. ವಾರದೊಳಗೆ ಮಣ್ಣಾದ್ರು.”

“ಸತ್ತವರೇ ಹಾಡಿದ್ರೆ ಬದುಕಿರೋರು ಏನು ಮಾಡ್ಬೇಕಜ್ಜಿ? ತೆರೆ ಏಳೋಕೆ ಹಲಗೆಗೆ ಕೋಲು ಕುಟ್ಟೋ ಹೊತ್ತಾಯ್ತು. ಕೊಕ್ಕೆ ಹಾಕು.”

ಪಾಪ, ಝೆಲಿಯದೂ ತಪ್ಪಲ್ಲ. ಹರೆಯದ ಜಂಬ ಯಾರ ಮಾತು ಕೇಳುತ್ತದೆ?

ಕೊಕ್ಕೆ ಬಿದ್ದೊಡನೆ ಹಳೆಯ ತಲೆಯೆಣ್ಣೆಯ ಕಮಟು ಮೂಗಿಗೆ ಅಡರಿತು. ಕತ್ತಿನ ಸುತ್ತ ಏನೋ ಹರಿದಾಡಿದಂತಾಯಿತು. ಅವಳು ಕೆರೆದುಕೊಂಡು ರಂಗಕ್ಕೆ ನಡೆದಳು.

ಕೋಲು ಮೂರು ಸಲ ಕುಟ್ಟಿತು. ತೆರೆ ಎದ್ದಿತು. ಗ್ಯಾಸ್ ದೀಪಗಳ ಆಚೆ ಬರೀ ಕತ್ತಲೆ. ಅವಳು ಬಾಯಿ ತೆರೆದಳು.

ದನಿ ಬಂತು. ಅದು ಅವಳದಲ್ಲ. ದಪ್ಪ ದನಿ, ಹಳೆಯ ದನಿ. ಬಾಯಿ ಮುಚ್ಚಲು ನೋಡಿದಳು. ತುಟಿ ಕೇಳಲಿಲ್ಲ. ಗಂಟಲಲ್ಲಿ ಎಳೆಯೆಳೆಯಾಗಿ ಏನೋ ಇಳಿಯಿತು. ಉಸಿರು ಕಟ್ಟಿತು. ಹಾಡು ನಿಲ್ಲಲಿಲ್ಲ.

ಒಂದೂ ಸಿಳ್ಳೆಯಿಲ್ಲ. ಚಪ್ಪಾಳೆಗೆ ಛಾವಣಿ ಹಾರುವಂತಾಯಿತು. ವ್ಯವಸ್ಥಾಪಕ ಮುಂದೆ ಬಂದು, ಗಾಯಕಿಯನ್ನು ವರ್ಷಕ್ಕೆ ಗೊತ್ತುಮಾಡಲಾಗಿದೆ ಎಂದು ಸಾರಿದ.

ಝೆಲಿ ಉಡುಪುಕೋಣೆಗೆ ಬಂದೊಡನೆ ಉರ್ಸ್ಯುಲ್ ಕತ್ತರಿ ಹಾಕಿ ಅವಳ ಕೊರಳಪಟ್ಟಿ ಸೀಳಿದಳು. ಅಲ್ಲಿಯವರೆಗೆ ಒಂದು ಹೊಲಿಗೆಯೂ ಬಿಚ್ಚಿರಲಿಲ್ಲ. ಒಳಗೆ ಒಂದು ಕೂದಲೂ ಇರಲಿಲ್ಲ. ಮುದುಕಿ ಝೆಲಿಯ ಗಂಟಲನ್ನು ನೋಡಿದಳು, ಶಿಲುಬೆಯ ಗುರುತು ಹಾಕಿಕೊಂಡು ಗೋಡೆಗೆ ಸರಿದಳು.

ಅಷ್ಟರಲ್ಲಿ ಯಾರೋ ತಾಯಿಯನ್ನು ಕೈಹಿಡಿದು ಕರೆತಂದರು. ಝೆಲಿ ಓಡಿಹೋಗಿ ಅವಳ ಮುಂದೆ ಮಂಡಿಯೂರಿದಳು.

“ಅಮ್ಮಾ, ನಾನೇ!”

ಅದೇ ದಪ್ಪ ದನಿ. ತಾಯಿ ಬೆಚ್ಚಿದಳು. ಆದರೂ ಮರ್ಯಾದೆಯಿಂದ ನಕ್ಕಳು.

“ಚೆನ್ನಾಗಿ ಹಾಡಿದ್ರಿ ಅಮ್ಮಾವ್ರೇ. ನನ್ನ ಮಗಳ ಸರದಿ ಯಾವಾಗ? ಅವಳಿಗೋಸ್ಕರ ಕಾಯ್ತಾ ಇದೀನಿ.”

ಝೆಲಿ ಅಳುತ್ತ ತಾಯಿಯ ಕೈಗಳನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮುದಿ ಬೆರಳುಗಳು ಹಣೆ, ಮೂಗು, ಗಲ್ಲ ತಡವಿದವು. ಗಲ್ಲದ ಹಳೆಯ ಗಾಯದ ಗುರುತಿನ ಮೇಲೆ ನಿಂತವು. ಆಮೇಲೆ ಬೆಂಕಿ ಮುಟ್ಟಿದಂತೆ ಹಿಂದೆ ಸರಿದವು.

“ಮುಖ ಅವಳದೇ,” ತಾಯಿ ಚೀರಿದಳು. “ನೀನ್ಯಾರೇ? ನನ್ನ ಝೆಲಿನ ಏನು ಮಾಡ್ದೆ?”