ತಪ್ಪು ದಿಕ್ಕಿಗೆ ಜಾರಿದ ಬೆಳಕು

ಗಾಜಿನ ಪೆಟ್ಟಿಗೆ ಖಾಲಿ. ಒಳಗಿದ್ದ ಕಿರೀಟ ಮಾಯ. ಪಕ್ಕದಲ್ಲಿ ಮ್ಯೂಸಿಯಂ ಕಾವಲುಗಾರ ತಲೆಗೆ ಏಟು ತಿಂದು ಬಿದ್ದಿದ್ದ. ಮಟಮಟ ಮಧ್ಯಾಹ್ನ ಇಷ್ಟೆಲ್ಲ ನಡೆದರೂ ಠಾಣೆಯಲ್ಲಿ ಬಡಿದುಕೊಳ್ಳಬೇಕಿದ್ದ ಅಲಾರಂ ತುಟಿಪಿಟಕ್ ಎಂದಿರಲಿಲ್ಲ.

ಕಾರಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಿಕ್ಕಿತು. ಯಂತ್ರದ ಕೋಣೆಯ ಎ.ಸಿ. ನಿಂತಿತ್ತು. ಬಿಸಿಗೆ, ಟಿ.ವಿ. ಕಾರ್ಯಕ್ರಮ ಒಯ್ಯುವ ಲೇಸರ್ ಬೆಳಕು ತನ್ನ ಜಾಗ ಬಿಟ್ಟು ಜಾರಿ, ಅದೇ ಕೇಬಲ್ಲಿನಲ್ಲಿ ಅಲಾರಂ ಸುದ್ದಿ ಒಯ್ಯುವ ಬೆಳಕಿನ ಮೇಲೆ ಬಿದ್ದಿದೆ, ಸುದ್ದಿ ಕಲಸಿಹೋಗಿದೆ ಎಂದರು ಅಲ್ಲಿನವರು. ಬೆಳಗ್ಗೆ ಎ.ಸಿ. ರಿಪೇರಿಗೆ ಬಂದಿದ್ದ ಮೆಕ್ಯಾನಿಕ್‌ನನ್ನು ಕಳ್ಳರ ಜೊತೆಗಾರನೆಂದು ಲಾಕಪ್ಪಿಗೆ ತಳ್ಳಿದ್ದೂ ಆಯಿತು.

ಆತ ಈ ಕೇಸಿನ ತನಿಖೆ ಮಾಡುತ್ತಿದ್ದ ಇನ್‌ಸ್ಪೆಕ್ಟರಮ್ಮನ ಸ್ವಂತ ಅಕ್ಕನ ಗಂಡ.

“ಸಂಜೆವರೆಗೆ ಟೈಮು. ಆಮೇಲೆ ಕೇಸು ಬೇರೆಯವರಿಗೆ,” ಎಂದರು ಮೇಲಧಿಕಾರಿ.

ಭಾವ ಕಂಬಿ ಹಿಡಿದು ನಿಂತಿದ್ದರು. “ಎ.ಸಿ. ಆನ್ ಮಾಡೇ ಬಂದೆ ಅನ್ಸುತ್ತೆ ಕಣಮ್ಮ. ಆದ್ರೆ ಎಲ್ರೂ ಬೈದೂ ಬೈದೂ ಈಗ ನಂಗೇ ಅನುಮಾನ. ನನ್ನ ಮರೆವಿಗೆ ಆ ಕಾವಲುಗಾರನ ಜೀವ ಹೋದ್ರೆ?”

“ಇವರಿಗೆ ಮರೆವಾ?” ಅಕ್ಕ ಹೊರಗಿನಿಂದಲೇ ಕೂಗಿದಳು. “ಮದುವೆಯಾದ ವರ್ಷ ನಾನು ಬೈದಿದ್ದನ್ನ ಇವತ್ತೂ ಒಪ್ಪಿಸ್ತಾರೆ!”

* * *

ಎಕ್ಸ್‌ಚೇಂಜಿನ ಮುಖ್ಯಸ್ಥರನ್ನು ಎಲ್ಲರೂ ಕರೆಯುವುದು ಮೇಷ್ಟ್ರು ಎಂದೇ. ಅಲ್ಲಿನ ಅರ್ಧ ಜನಕ್ಕೆ ಕೆಲಸ ಕಲಿಸಿದವರು. ಕಳ್ಳತನ ಆದಾಗಿನಿಂದ ಯಾರನ್ನೂ ಹತ್ತಿರ ಬಿಡದೆ ಕಂಪ್ಯೂಟರ್ ಮುಂದೆ ತಾವೇ ಕೂತಿದ್ದರು.

“ಈ ಕಂಪ್ಯೂಟರಿಂದ ಬೇಕಂತಲೇ ಲೇಸರ್ ತಿರುಗಿಸೋದು ಯಾರಿಗೆ ಗೊತ್ತು?” ಇನ್‌ಸ್ಪೆಕ್ಟರಮ್ಮ ಕೇಳಿದರು.

“ನಂಗೆ, ಈ ಹುಡುಗಿಗೆ. ಇಬ್ಬರಿಗೇ.”

ಹಿಂದೆ ನಿಂತಿದ್ದ ಯುವ ಇಂಜಿನಿಯರ್ ಬೆವರು ಒರೆಸಿಕೊಂಡಳು.

“ಕಳ್ಳತನದ ಹೊತ್ತಿಗೆ ನೀವೆಲ್ಲಿದ್ರಿ?”

“ಊಟಕ್ಕೆ ಹೋಗಿದ್ದೆ ಮೇಡಂ. ಒಬ್ಬಳೇ.”

ಸಾಕ್ಷಿಯಿಲ್ಲ. ಇನ್‌ಸ್ಪೆಕ್ಟರಮ್ಮನ ಅನುಮಾನ ಅವಳ ಕಡೆಗೇ ವಾಲಿತು. ಅವರು ಕಂಪ್ಯೂಟರ್ ತೆರೆಗೆ ಬಗ್ಗಿ ಟಿ.ವಿ. ಲೇಸರಿನ ಈಗಿನ ಅಂಕಿಯನ್ನೂ ಪಕ್ಕದಲ್ಲಿದ್ದ ನಿನ್ನೆಯ ಅಂಕಿಯನ್ನೂ ನೋಡಿದರು.

“ಇದು ಮೊದಲಿಗಿಂತ ಏರಿದೆಯಲ್ಲ ಮೇಷ್ಟ್ರೇ. ಬಿಸಿಗೇನಾ?”

“ಇನ್ಯಾಕೆ? ಬಿಸಿಯಾದ್ರೆ ಬೆಳಕಿನ ಅಲೆ ಉದ್ದ ಆಗುತ್ತೆ. ಉದ್ದ ಆದ್ರೆ ಅಂಕಿ ಏರುತ್ತೆ. ಇದೇ ನಾನು ಎಲ್ರಿಗೂ ಹೇಳಿಕೊಟ್ಟ ಮೊದಲ ಪಾಠ.”

“ಮೇಷ್ಟ್ರೇ…” ಹುಡುಗಿ ತೊದಲಿದಳು. “ಅದು ಹಳೇ ಯಂತ್ರದ ಪಾಠ. ಅದರಲ್ಲಿ ಅಂಕಿ ಅಂದ್ರೆ ಅಲೆಯ ಉದ್ದ. ಈ ಹೊಸದು ತೋರಿಸೋದು ಸೆಕೆಂಡಿಗೆ ಎಷ್ಟು ಅಲೆ ಅಂತ. ಅಲೆ ಉದ್ದವಾದ್ರೆ ಇಲ್ಲಿ ಅಂಕಿ ಇಳೀಬೇಕು.”

“ಹಾಗಾದ್ರೆ ಇದು ಬಿಸಿಗೆ ಜಾರಿದ್ದಲ್ಲ?”

“ಸಾಧ್ಯವೇ ಇಲ್ಲ ಮೇಡಂ. ಕೈಯಾರೆ ತಿರುಗಿಸಿದ್ದಾರೆ.”

ಇನ್‌ಸ್ಪೆಕ್ಟರಮ್ಮ ಮೇಷ್ಟ್ರ ಕಡೆ ತಿರುಗಿದರು.

“ಮೇಷ್ಟ್ರೇ, ತಿರುಗಿಸಿದವರಿಗೆ ಇದು ಬಿಸಿಗೇ ಜಾರಿದ ಹಾಗೆ ಕಾಣಬೇಕಿತ್ತು. ಅದಕ್ಕೇ ಎ.ಸಿ. ಆರಿಸಿ ನಮ್ಮ ಕಣ್ಣಿಗೆ ಮಣ್ಣೆರಚಿದ್ರು. ಅದಕ್ಕೇ ಅಂಕಿ ಏರಿಸಿದ್ರು. ಅಂದ್ರೆ ಬಿಸಿಗೆ ಅಂಕಿ ಏರುತ್ತೆ ಅಂತ ನಂಬಿದವರು. ಈ ಹುಡುಗಿಗೆ ಇಳಿಯುತ್ತೆ ಅಂತ ಗೊತ್ತು. ಉಳಿದವರು ನೀವೊಬ್ಬರೇ. ಕಿರೀಟ ಎಲ್ಲಿದೆ?”

ಮೇಷ್ಟ್ರ ಮುಖ ಬಿಳಿಚಿಕೊಂಡಿತು. “ನನ್ನ ತಮ್ಮನ ಹತ್ರ. ಯಾರಿಗೂ ಹೊಡೆಯಲ್ಲ ಅಂತ ಮಾತು ಕೊಟ್ಟಿದ್ದ.”

* * *

ಸಂಜೆಗೆ ತಮ್ಮ ಸಿಕ್ಕಿದ, ಕಿರೀಟವೂ ಸಿಕ್ಕಿತು. ಕಾವಲುಗಾರ ಕಣ್ಣು ಬಿಟ್ಟನೆಂದು ಆಸ್ಪತ್ರೆಯಿಂದ ಫೋನು ಬಂತು. ಲಾಕಪ್ಪಿನ ಬಾಗಿಲು ತೆರೆದರೂ ಭಾವ ಹೊರಗೆ ಬರಲಿಲ್ಲ.

“ಎ.ಸಿ…?”

“ಆನ್ ಮಾಡೇ ಬಂದಿದ್ರಿ ಭಾವ. ನೀವು ಮರೆತಿರಲಿಲ್ಲ.”

ಅವರು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.