ಯಾರೂ ಹೋಗದ ನಾಲ್ಕನೆಯ ಸ್ಥಿತಿ

"ನಿಮ್ಮ ಪ್ರೋಗ್ರಾಮನ್ನ ತೆಗೆದುಹಾಕೋಕೆ ಬಂದಿರೋನು ನಾನೇ."

ಮೊದಲ ಭೇಟಿಯಲ್ಲೇ ಯಾರಾದರೂ ಹೀಗೆ ಮಾತಾಡುತ್ತಾರೆಯೇ? ಅವಳಿಗೆ ಮೈಯೆಲ್ಲ ಉರಿದುಹೋಯಿತು!

ಅದು ಕಿಟಕಿಯಿಲ್ಲದ, ಗೋಡೆಗೆಲ್ಲ ತಗಡು ಹೊದಿಸಿದ ಪರೀಕ್ಷಾ ಕೋಣೆ. ಬಾಗಿಲು ಹಾಕಿದರೆ ಫೋನಿಗೂ ಸಿಗ್ನಲ್ ಇಲ್ಲ. ವಿಮಾನದ ಬಾಗಿಲ ಬೀಗ ನಿಯಂತ್ರಿಸುವ ಪುಟ್ಟ ಪೆಟ್ಟಿಗೆಯ ಜೊತೆ ಅವಳು ವರ್ಷಗಟ್ಟಲೆ ಇಲ್ಲೇ ಕಳೆದಿದ್ದಳು. ಅದರೊಳಗಿನ ಮೈಕ್ರೋಕಂಟ್ರೋಲರ್ ಎಂಬ ಪುಟಾಣಿ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದವಳು ಅವಳೇ. ಒಂದು ಸಾಲು ತಿದ್ದಿದರೂ ಇಡೀ ಪ್ರೋಗ್ರಾಮ್ ಸುರಕ್ಷಿತವೆಂದು ಮತ್ತೆ ಮೊದಲಿನಿಂದ ಸಾಬೀತು ಮಾಡಬೇಕು. ಅದರ ಒಳಹೊರಗು ಬಲ್ಲವರು ಬೇರೆ ಇಲ್ಲವೆಂದು ಅವಳನ್ನು ಇನ್ನೊಂದು ಕೆಲಸಕ್ಕೆ ಬಿಡುತ್ತಲೂ ಇರಲಿಲ್ಲ.

"ವಿಮಾನದ ಬಾಗಿಲು ಕಾಯ್ತಾ ಕಾಯ್ತಾ ನಿನ್ನ ಬಾಗಿಲಿಗೇ ಬೀಗ ಜಡ್ಕೊಂಡ್ಯಲ್ಲೇ!" ಎಂದು ಅಮ್ಮ ರೇಗಿಸುವುದೂ ಹಳೆಯದಾಗಿತ್ತು.

ಈಗ ಈ ಹೊಸಬ... ಇವನು ತರುವ ಪ್ರೋಗ್ರಾಮೆಬಲ್ ಲಾಜಿಕ್ ಚಿಪ್ಪಿನಲ್ಲಿ ಸಾಲಾಗಿ ಓಡುವ ಪ್ರೋಗ್ರಾಮೇ ಇರುವುದಿಲ್ಲ. ಬೇಕಾದ ಸರ್ಕ್ಯೂಟನ್ನೇ ಚಿಪ್ಪಿನೊಳಗೆ ಕಟ್ಟುತ್ತಾನೆ.

ಬಿಡುಗಡೆ ಸಿಕ್ಕಿತೆಂದು ಕುಣಿಯಬೇಕಿತ್ತು. ಬದಲಿಗೆ ಅವಳು ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡಳು. ಇದೂ ಹೋದರೆ ನನಗೆ ಉಳಿಯುವುದಾದರೂ ಏನು?

"ತೆಗೀರಿ. ಆದ್ರೆ ನಿಮ್ಮ ಚಿಪ್ಪನ್ನ ಪರೀಕ್ಷೆ ಮಾಡೋಳು ನಾನು. ನೆನಪಿರ್ಲಿ!"

ಅವನು ನಕ್ಕ. "ಅದಕ್ಕೇ ನೆಮ್ಮದಿಯಾಗಿದ್ದೀನಿ."

ಆ ನಗು... ಛೇ!

ಅವನು ಕಟ್ಟಿದ, ಅವಳು ಕುಂದು ಹುಡುಕಿದಳು. ದಿನಕ್ಕೊಂದು ಜಗಳವಾಗದಿದ್ದರೆ ಇಬ್ಬರಿಗೂ ಊಟ ರುಚಿಸುತ್ತಿರಲಿಲ್ಲ. ಅವನ ಹೆಜ್ಜೆ ಸಪ್ಪಳಕ್ಕೆ ತಾನು ಕಿವಿಗೊಡುತ್ತಿದ್ದೇನೆಂದು ತಿಳಿದ ದಿನ ಅವಳು ತನ್ನನ್ನೇ ಬೈದುಕೊಂಡಳು. ಇನ್ನೊಂದು ಸೆರೆ ನನಗೆ ಬೇಡಪ್ಪಾ!

ಒಂದು ಮಧ್ಯಾಹ್ನ ಆಗಬಾರದ್ದು ಆಯಿತು.

ಬೀಗಕ್ಕೆ ಮೂರೇ ಸ್ಥಿತಿ. ಹಾಕಿದೆ, ತೆಗೆಯುತ್ತಿದೆ, ತೆಗೆದಾಗಿದೆ. ಸೊನ್ನೆ-ಒಂದುಗಳ ಎರಡೆರಡು ಅಂಕೆಯಲ್ಲಿ ಎಣಿಸುವ ಚಿಪ್ಪಿನ ಲೆಕ್ಕದಲ್ಲಿ ಮಾತ್ರ ನಾಲ್ಕನೆಯದೊಂದು ಖಾಲಿ ಉಳಿಯುತ್ತದೆ. ಎಲ್ಲ ಸರಿಯಿದ್ದರೆ ಚಿಪ್ ಎಂದೂ ಅಲ್ಲಿಗೆ ಹೋಗದು. ಆದರೆ ಆಕಾಶದ ಎತ್ತರದಲ್ಲಿ ವಿಕಿರಣದ ಒಂದು ಕಣ ಬಡಿದರೆ ದಾರಿ ತಪ್ಪಿ ಅಲ್ಲಿಗೆ ಬೀಳಬಹುದು. ಅವಳು ಬೇಕೆಂದೇ ಬೀಳಿಸಿ ನೋಡಿದಳು.

ಪೆಟ್ಟಿಗೆ ಸ್ತಬ್ಧವಾಯಿತು! ಯಾವ ಗುಂಡಿ ಒತ್ತಿದರೂ ಬೀಗ ಅಲ್ಲಾಡಲಿಲ್ಲ.

"ಒಳಗೆ ಜನ ಇದ್ದಿದ್ರೆ? ಹೊಗೆ ತುಂಬ್ಕೊಂಡಿದ್ರೆ? ಹೊರಗೆ ಬರೋ ದಾರೀನೇ ಇಟ್ಟಿಲ್ಲ ನೀವು!"

ಅವನ ಮುಖ ಬಿಳಿಚಿಕೊಂಡಿತು. "ಇಟ್ಟಿದ್ದೆ... ಕೈಯಾರೆ ಬರೆದಿದ್ದೀನಿ."

"ಸುಳ್ಳು!"

ಮರುದಿನ ಮೇಲಧಿಕಾರಿ ಕರೆಸಿದರು. ಬೆನ್ನ ಹಿಂದೆ ಎಲ್ಲರೂ ಅವರನ್ನು ದೊಡ್ಡಪ್ಪ ಎನ್ನುತ್ತಿದ್ದರು.

"ನೋಡಮ್ಮಾ, ಪರೀಕ್ಷೆಗೆ ನಿನ್ನ ಬದ್ಲು ಬೇರೆಯವ್ರನ್ನ ಹಾಕಿ ಅಂತಾನೆ ಅವನು. ಯಾಕಪ್ಪಾ ಅಂದ್ರೆ ಬಾಯೇ ಬಿಡ್ತಿಲ್ಲ."

ಪ್ರೋಗ್ರಾಮ್ ಕಿತ್ತುಕೊಂಡದ್ದು ಸಾಲದೆ, ತಪ್ಪು ತೋರಿಸಿದ್ದಕ್ಕೆ ಸೇಡೂ ಬೇರೆ!

ಸರಸರನೆ ಪರೀಕ್ಷಾ ಕೋಣೆಗೆ ಹೋಗಿ ಭಾರದ ಬಾಗಿಲನ್ನು ದಡಾರನೆ ಹಾಕಿದಳು. ಅವನೊಬ್ಬನೇ ಇದ್ದ. ಅವಳು ಬಾಯಿ ತೆರೆಯುವ ಮೊದಲೇ ಪರದೆಯನ್ನು ಅವಳ ಕಡೆ ತಿರುಗಿಸಿದ.

"ನೋಡಿ, ವಾಪಸ್ ಬರೋ ದಾರಿ ಬರೆದಿದ್ದೆ. ಅದನ್ನ ಸರ್ಕ್ಯೂಟ್ ಮಾಡೋ ಸಾಫ್ಟ್‌ವೇರ್, ಇಲ್ಲಿಗೆ ಯಾರೂ ಹೋಗಲ್ಲ, ದಾರಿ ದಂಡ ಅಂತ ಅಳಿಸಿಬಿಟ್ಟಿದೆ. ಅಳಿಸ್ಬೇಡ ಅಂತ ಅದಕ್ಕೆ ಹೇಳೋದು ಮರೆತೆ, ನನ್ನದೇ ತಪ್ಪು. ನೀವು ಹಿಡೀದೇ ಇದ್ದಿದ್ರೆ..."

ಅವಳ ಸಿಟ್ಟು ಅರ್ಧ ಇಳಿಯಿತು, ಇನ್ನರ್ಧ ಇಳಿಯಲಿಲ್ಲ.

"ಮತ್ತೆ ನನ್ನನ್ನ ಯಾಕೆ ತೆಗೀರಿ ಅಂದ್ರಿ?"

"ಮಾಡೋನಿಗೂ ಪರೀಕ್ಷೆ ಮಾಡೋಳಿಗೂ ಸಂಬಂಧ ಇರಬಾರ್ದು ಅಂತ ನಿಯಮ ಇದೆ." ಅವನು ತಲೆ ತಗ್ಗಿಸಿದ. "ನನಗೆ... ನಿಮ್ಮ ಜೊತೆ ಸಂಬಂಧ ಬೇಕು."

ಅವಳು ಪರದೆಯನ್ನು ಅವನ ಕಡೆಗೇ ತಿರುಗಿಸಿಬಿಟ್ಟಳು.

"ಅಷ್ಟಕ್ಕೆ ನನ್ನ ಕೆಲಸ ಬಿಡಿಸೋದಾ? ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ!"

"ಕೇಳಿದ್ರೆ ಆ ಕ್ಷಣಕ್ಕೇ ಪರೀಕ್ಷೆ ವರದಿ ಮೇಲಿರೋ ನಿಮ್ಮ ಸಹಿಗೆ ಬೆಲೆ ಹೋಗ್ತಿತ್ತು. ಆದ್ರೂ... ತಪ್ಪಾಯ್ತು. ನಿಮ್ಮ ಬದುಕನ್ನ ನಾನೊಬ್ಬನೇ ತೀರ್ಮಾನ ಮಾಡ್ಬಾರ್ದಿತ್ತು."

ಅವಳಿಗೆ ಅಳು ಬಂತು. ಇಲ್ಲಿಗೆ ಯಾರೂ ಬರುವುದಿಲ್ಲವೆಂದು ಅವಳೂ ತನ್ನೊಳಗಿನ ದಾರಿಯನ್ನು ಎಂದೋ ಅಳಿಸಿಕೊಂಡಿದ್ದಳು. ಈ ಕೋಣೆಯನ್ನು ಶಪಿಸುತ್ತಲೇ ಇಲ್ಲಿಂದ ಏಳಲು ಹೆದರುತ್ತಿದ್ದಳು. ಯಾರೋ ಹೊರಗೆಳೆದರೆ ಅದು ಬಿಡುಗಡೆಯಲ್ಲ, ತಾನೇ ಏಳಬೇಕು ಎನ್ನಿಸಿತು.

ಕಣ್ಣೊರೆಸಿಕೊಂಡು ಹಿಡಿಕೆ ಎಳೆದಳು, ಬಾಗಿಲು ತೆರೆಯಿತು. ನೇರವಾಗಿ ದೊಡ್ಡಪ್ಪನ ಮುಂದೆ ಹೋಗಿ ನಿಂತಳು.

"ಪರೀಕ್ಷೆ ಬೇರೆಯವ್ರಿಗೆ ಕೊಡಿ ಸಾರ್. ಈಗ ನಾನೇ ಕೇಳ್ತಿದ್ದೀನಿ. ನನ್ನನ್ನ ಹೊಸ ಚಿಪ್ ಕಟ್ಟೋ ಕಡೆ ಹಾಕಿ, ಕಲೀತೀನಿ."

ದೊಡ್ಡಪ್ಪ ಅವಳ ಒದ್ದೆ ಕಣ್ಣು ನೋಡಿದರು, ಬಾಗಿಲಲ್ಲಿ ಚಡಪಡಿಸುತ್ತಿದ್ದ ಅವನನ್ನೂ ನೋಡಿದರು. "ಓಹೋ... ಕಾರಣ ಇದಾ!"

ತಿದ್ದಿದ ಚಿಪ್ಪನ್ನು ಪರೀಕ್ಷಿಸಿದವರು ಬೇರೆಯವರು. ಇಬ್ಬರೂ ಹೊರಗೆ ಓಣಿಯ ಬೆಂಚಿನಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಕೊನೆಗೆ ಬಾಗಿಲು ತೆರೆದು ಪರೀಕ್ಷಕರು ತಲೆ ಹೊರಹಾಕಿದರು.

"ನಾಲ್ಕನೇದಕ್ಕೆ ಎಷ್ಟು ಸಲ ಬೀಳಿಸಿದ್ರೂ ಎದ್ದು ಬರ್ತಿದೆ!"

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ಮಾಡೋರು ಮಾಡೋರೇ ಸಂಬಂಧ ಬೆಳೆಸಿದ್ರೆ ನಿಯಮ ಏನನ್ನತ್ತೆ?"

"ಅದರ ಬಗ್ಗೆ ಸುಮ್ನಿದೆ."

"ಹಾಗಾದ್ರೆ ನಮ್ಮಮ್ಮನ್ನ ನೋಡೋಕೆ ಬನ್ನಿ. ಆ ಪರೀಕ್ಷೆ ಮಾತ್ರ ಭಾರಿ ಕಷ್ಟ!"

"ತಪ್ಪು ಸಿಕ್ಕಿಬಿಟ್ರೆ?"

"ಸಿಗ್ಲಿ ಬಿಡಿ... ತಿದ್ದೋಕೆ ನಾನಿದ್ದೀನಲ್ಲಾ."