ದಿನಕ್ಕೆ ಒಂದು ಎಂದು ಬರೆದವಳು

"ಕ್ಲಾಸ್ ಬಿಟ್ಟು ಹೋದ್ರೆ ಸರ್ಟಿಫಿಕೇಟ್ ಸಿಗ್ಲಿಕ್ಕಿಲ್ಲ," ಎನ್ನುತ್ತಾ ಲತೀಶ್ ಬಾಗಿಲಿಗೆ ಅಡ್ಡ ನಿಂತ.

ಪ್ರೇಕ್ಷಾಳ ಕಣ್ಣು ತುಂಬಿತ್ತು. "ಸರ್... ಆ ಮಾತ್ರೆ ನಾನೇ ಕೊಟ್ಟದ್ದು."

ಮುಂಬಯಿ ಬಳಿಯ ಕಲ್ಯಾಣದ ಸಭಾಂಗಣದಲ್ಲಿ ಆ ಭಾನುವಾರ ಫಾರ್ಮಸಿಸ್ಟರ ರಿಫ್ರೆಶರ್ ಕೋರ್ಸು ನಡೆದಿತ್ತು. ಅರ್ಧ ಮಂದಿ ಸಹಿ ಹಾಕಿ ಊಟಕ್ಕೆ ಕಾಯುವವರು. ಡೊಂಬಿವಿಲಿಯ ಪ್ರೇಕ್ಷಾಳೂ ಹಾಗೇ ಬಂದವಳು, ಸುಳ್ಳೇಕೆ? ಆದರೆ ಸಂಧಿವಾತದ ಒಂದು ಮಾತ್ರೆ ತೋರಿಸಿ, "ಇದು ವಾರಕ್ಕೆ ಒಂದೇ, ದಿನಾ ತಿಂದರೆ ಜೀವಕ್ಕೆ ಅಪಾಯ," ಎಂದು ಲತೀಶ್ ಪಾಠ ಮಾಡಿದಾಗ ಅವಳು ಎದ್ದು ಬಾಗಿಲಿಗೆ ಓಡಿದ್ದಳು. ಮೊನ್ನೆ ಶುಕ್ರವಾರ ತನ್ನ ಅಂಗಡಿಯ ಗಿರಾಕಿ, ಬದಲಾಪುರದ ಪುಂಡರೀಕಾಕ್ಷ ಮಾಮನಿಗೆ ಅದೇ ಮಾತ್ರೆ ಕೊಟ್ಟು, ಕೈಯ ಅಭ್ಯಾಸದಂತೆ ಕವರಿನ ಮೇಲೆ ‘ದಿನಕ್ಕೆ ಒಂದು’ ಎಂದು ಬರೆದಿದ್ದಳು.

"ಫೋನ್ ಮಾಡಿದ್ರಾ?"

"ಎತ್ತುತ್ತಾ ಇಲ್ಲ."

"ಮನೆ ಗೊತ್ತುಂಟಲ್ಲ? ನಡೀರಿ, ನಾನೂ ಬರ್ತೇನೆ."

ಅವರು ಬದಲಾಪುರ ತಲುಪುವಷ್ಟರಲ್ಲಿ ಮಾಮ ಎರಡು ಮಾತ್ರೆ ನುಂಗಿಯಾಗಿತ್ತು. ಅಂದೇ ಅವರನ್ನು ಆಸ್ಪತ್ರೆಗೆ ಸೇರಿಸಿದರು. ರಕ್ತದ ರಿಪೋರ್ಟು ಸರಿಯಾಗಿದೆ ಎಂದು ಡಾಕ್ಟರು ಹೇಳುವವರೆಗೂ ಲತೀಶ್ ದಿನವೂ ಬಂದು ಅವಳ ಪಕ್ಕದಲ್ಲಿ ಕುಳಿತ. ಒಂದು ಕಟುಮಾತೂ ಆಡಲಿಲ್ಲ. ಪ್ರೇಕ್ಷಾ ಅವನನ್ನು ಪ್ರೀತಿಸತೊಡಗಿದ್ದು ಅಲ್ಲೇ.

ಎರಡು ತಿಂಗಳ ಬಳಿಕ ಕೋಪರಖೈರಣೆಯ ಗೆಳತಿ ದಿಶಾ ಫೋನ್ ಮಾಡಿದಳು. "ಅರೇ, ನಿಮ್ಮ ಲತೀಶ್ ಸರ್ ಕ್ಲಾಸಲ್ಲಿ ಬದಲಾಪುರದ ಒಂದು ತಪ್ಪು ಮಾತ್ರೆಯ ಕೇಸ್ ಹೇಳಿದ್ರಂತೆ. ಕೇಳಿಯೇ ಭಯ ಆಯ್ತು ಮಾರಾಯ್ತಿ."

ನನ್ನ ಕಣ್ಣೀರು ಇವನಿಗೆ ಪಾಠವಾಯಿತೇ? ಅಂಗಡಿಯ ಯಜಮಾನ ಶೇಟ್‌ಗೆ ಗೊತ್ತಾದರೆ ನನ್ನ ಕೆಲಸವೇ ಹೋಗುತ್ತದಲ್ಲ... ಅವಳು ಅವನ ಫೋನ್ ಎತ್ತುವುದನ್ನೇ ಬಿಟ್ಟಳು.

ಮುಂದಿನ ಭಾನುವಾರ ಠಾಣೆಯ ಕೋರ್ಸಿಗೆ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತಳು. ನಾಲ್ಕು ಜನರ ಮುಂದೆಯೇ ಕೇಳಬೇಕೆಂಬ ಸಿಟ್ಟು. ಲತೀಶ್ ಅದೇ ಕೇಸ್ ಹೇಳಿದಾಗ, ತಪ್ಪು ಬರೆದವರು ಯಾರೆಂದು ಯಾರೋ ಕೇಳಿದರು.

"ಆ ಕವರಿನ ಮೇಲೆ ತಪ್ಪು ಬರೆದದ್ದು ನಾನೇ," ಎಂದ ಲತೀಶ್.

ಮುಂದಿನ ಸಾಲಿನ ಹಿರಿಯರೊಬ್ಬರು ನಕ್ಕರು. "ಮತ್ತೆ ನೀವು ನಮಗೆ ಕಲಿಸೋದಾ?"

ಲತೀಶ್ ತಲೆ ತಗ್ಗಿಸಿ ನಿಂತ. ಪ್ರೇಕ್ಷಾಳಿಗೆ ತಡೆಯಲಾಗಲಿಲ್ಲ. ಎದ್ದು ನಿಂತಳು.

"ಅವರಲ್ಲ. ಬರೆದದ್ದು ನಾನು."

ಕ್ಲಾಸ್ ಮುಗಿದ ಮೇಲೆ ಮೆಟ್ಟಿಲ ಬಳಿ ಇಬ್ಬರೇ ಉಳಿದರು.

"ಯಾಕೆ ಹಾಗೆ ಹೇಳಿದ್ರಿ?"

"ಯಾರು ಅಂತ ಎಲ್ಲ ಕಡೆ ಕೇಳ್ತಾರೆ. ನಿಮ್ಮ ಹೆಸರು ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ. ನೀವು ಅಂದ್ರೆ ನನಗೆ... ಅಷ್ಟು ಇಷ್ಟ."

ಅವಳು ಒಂದು ಮೆಟ್ಟಿಲು ಇಳಿದು ಅವನತ್ತ ತಿರುಗಿದಳು.

"ನಾಳೆ ಶೇಟ್‌ಗೆ ನಾನೇ ಹೇಳ್ತೇನೆ. ಕೆಲಸ ಹೋದ್ರೂ ಹೋಗ್ಲಿ."

"ನಾನು ಬರ್ಲಾ?"

"ಬನ್ನಿ. ಆದ್ರೆ ಮಾತಾಡ್ಬೇಡಿ," ಎಂದು ಪ್ರೇಕ್ಷಾ ಅವನ ಕೈ ಹಿಡಿದಳು. "ಹೀಗೆ ಪಕ್ಕದಲ್ಲಿ ನಿಂತ್ರೆ ಸಾಕು."